ಕಿಚ್ಚು ಹಾಯ್ದ ಗೋಮಾಳ

ಯಶವಂತಪುರದ ಕಡೆಯ ಒಂದು ಕಾರ್ಖಾನೆಯಲ್ಲಿ ನನ್ನ ಗಂಡನಿಗೆ ಬೆಂಕಿ ಬೀಳದಂತೆ ನೋಡಿಕೊಳ್ಳುವ ಕೆಲಸವಿತ್ತು. ಇಡೀ ಸರ್ವೀಸಿನಲ್ಲಿ ಅವರು ದೊಡ್ಡ ಬೆಂಕಿ ಎಂದು ನೋಡಿದ್ದು ಒಂದೋ ಎರಡೋ ಸಲ. ಉಳಿದ ಕಾಲವೆಲ್ಲ ಮರಳು ತುಂಬಿದ ಕೆಂಪು ಬಕೆಟ್ಟುಗಳನ್ನು ಸಾಲಾಗಿ ತೂಗುಹಾಕಿಸುವುದರಲ್ಲಿ, ಎಣ್ಣೆ ಒರೆಸಿದ ಬಟ್ಟೆಯನ್ನು ಮೂಲೆಯಲ್ಲಿ ರಾಶಿ ಹಾಕಿದವರನ್ನು ಬೈಯುವುದರಲ್ಲಿ, ಆಗಾಗ ಸುಳ್ಳು ಗಂಟೆ ಬಾರಿಸಿ ಎಲ್ಲರನ್ನೂ ಬಿಸಿಲಿಗೆ ಓಡಿಸುವುದರಲ್ಲಿ ಕಳೆಯಿತು. ಬೆಂಕಿ ಬೀಳದ ಕಡೆ ಬೆಂಕಿ ಕಾಯುವವನನ್ನು ಯಾರು ಹೊಗಳುತ್ತಾರೆ? ಆ ಸಿಟ್ಟನ್ನೆಲ್ಲ ಮನೆಗೆ ತಂದು ನನ್ನ ಅಡುಗೆಮನೆಯ ಮೇಲೆ ತೀರಿಸಿಕೊಳ್ಳುತ್ತಿದ್ದರು.

ನಾವು ಗದಗಿನ ಕಡೆಯವರು. ಬೆಂಗಳೂರಿಗೆ ಬಂದು ತಲೆ ಹಣ್ಣಾದರೂ ಮನೆಯೊಳಗಿನ ಮಾತು ಗದಗು ಬಿಟ್ಟು ಬಂದಿಲ್ಲ. ಒಗ್ಗರಣೆ ಚಟಗುಟ್ಟಿದರೆ ಸಾಕು, ಪಡಸಾಲೆಯಿಂದ ಕೂಗು: “ಏನ ಹೊತ್ತಾಕತ್ತೈತಿ?” ದೇವರ ಮುಂದೆ ಊದಿನಕಡ್ಡಿ ಹಚ್ಚಿದರೆ ಅದು ಪೂರ್ತಿ ಬೂದಿಯಾಗುವವರೆಗೂ ಅಲ್ಲೇ ನಿಂತಿರುತ್ತಿದ್ದರು. ನೋಡಿದವರು ಎಂಥ ಭಕ್ತ ಎಂದು ಕೈ ಮುಗಿಯಬೇಕು. ಆರ್.ಟಿ. ನಗರದಲ್ಲಿ ಬಾಡಿಗೆಗಿದ್ದಾಗ ಕೆಳಗಿನ ಮನೆಯ ಆಪಾ ರಂಜಾನ್ ಹಬ್ಬದ ದಿನ ಹಂಡೆಯ ಮುಚ್ಚಳದ ಮೇಲೆ ಕೆಂಡ ಹಾಕಿ ಅಡುಗೆ ದಮ್ಮಿಗಿಟ್ಟರೆ, ಇವರು ಬಕೆಟ್ಟು ನೀರು ಹಿಡಿದು ಮೆಟ್ಟಿಲ ಮೇಲೆ ಕಾವಲು ಕೂರುತ್ತಿದ್ದರು. ಆಪಾ ನಕ್ಕು ನಕ್ಕು, ಕಾವಲಿನ ಕೂಲಿ ಎಂದು ನಮಗೆ ಬಟ್ಟಲು ತುಂಬ ಶೀರ್ ಖುರ್ಮಾ ಕಳಿಸುತ್ತಿದ್ದರು. ಹಾಗಾಗಿ ಆ ಕಾವಲಿಗೆ ನಾನೂ ಅಡ್ಡ ಬರಲಿಲ್ಲ.

ನಿವೃತ್ತಿಯ ಹೊತ್ತಿಗೆ ಯಲಹಂಕ ದಾಟಿ, ಹುಣಸಮಾರನಹಳ್ಳಿಯ ಆಚೆ ಒಂದು ಲೇಔಟಿನಲ್ಲಿ ಸಣ್ಣ ಮನೆ ಕಟ್ಟಿಕೊಂಡೆವು. ತಲೆಯ ಮೇಲೆ ವಿಮಾನ, ಎದುರಿಗೆ ಪಕ್ಕದ ಹಳ್ಳಿಯ ಗೋಮಾಳ. ಗೋಮಾಳವೆಂದರೆ ದನ ಮೇಯಲೆಂದು ಊರಿಗೆ ಬಿಟ್ಟ ಬಯಲು. ನೆಟ್ಟಗೆ ನೋಡಿದರೆ ಅದರಲ್ಲಿ ನೋಡುವಂಥದ್ದು ಏನೂ ಇಲ್ಲ. ಸೊಂಟದೆತ್ತರದ ಬಾದೆ ಹುಲ್ಲು, ನಡುನಡುವೆ ಹಳದಿ ಹೂವಿನ ತಂಗಡಿ, ಬಂದರೆ ಎಂಬ ಪೊದೆಗಿಡ, ಒಂದು ಮೂಲೆಯಲ್ಲಿ ಈಚಲ ಮೆಳೆ, ಇನ್ನೊಂದು ಕಡೆ ನೀರು ಕಡಿಮೆಯಾದ ಕೆರೆಯ ಏರಿ. ಬೆಳಿಗ್ಗೆ ಕೌಜುಗ ಹಕ್ಕಿಗಳು ಯಾರೋ ಪಾತ್ರೆ ಬಡಿದಂತೆ ಕೂಗಿ ಎಬ್ಬಿಸುತ್ತಿದ್ದವು. ನನಗೆ ಅಷ್ಟೇ ಸಾಕಾಗಿತ್ತು. ಬಾಗಿಲಲ್ಲಿ ಕೂತು ಕಾಳು ಹಸನು ಮಾಡುತ್ತಾ ಆ ಬಯಲನ್ನು ನೋಡುವುದು ನನ್ನ ಪಾಲಿನ ಟೀವಿ.

ನನ್ನ ಗಂಡನಿಗೆ ಸಾಕಾಗಲಿಲ್ಲ. ಕಾಯಲು ಏನೂ ಇಲ್ಲದ ಕಾವಲುಗಾರ ಮನೆಯಲ್ಲಿದ್ದರೆ ಹೆಂಡತಿಯ ಗತಿ ಏನೆಂದು ಹೇಳಬೇಕಾಗಿಲ್ಲ. ಅಂಥ ಹೊತ್ತಿನಲ್ಲಿ ಅವರ ಕಣ್ಣು ಗೋಮಾಳದ ಮೇಲೆ ಬಿತ್ತು. ಆ ಹಳ್ಳಿಯವರಿಗೆ ಸಂಕ್ರಾಂತಿ ಕಳೆದ ಮೇಲೆ ಒಣಗಿದ ಹುಲ್ಲಿಗೆ ಬೆಂಕಿ ಹಾಕುವ ರೂಢಿ. ನಾವು ಬಂದ ವರ್ಷವೂ ಹಾಕಲು ಬಂದರು. ಇವರು ಎರಡು ಬಕೆಟ್ಟು ನೀರು ಹಿಡಿದು ಅಡ್ಡ ನಿಂತರು.

ಬಂದವರಲ್ಲಿ ಮುಂದೆ ನಿಂತವಳು ನಮ್ಮ ಮನೆಗೆ ಹಾಲು ಹಾಕುವವಳೇ. ಮೂರು ಹಸು ಕಟ್ಟಿಕೊಂಡು ಸಂಸಾರ ತೂಗಿಸುವ ಹೆಂಗಸು, ಬಾಯಿ ಸ್ವಲ್ಪ ಜೋರು.

“ಅಲ್ಲ ಸಾರ್, ಅಳೇ ಉಲ್ಲು ಅಂಗೇ ಬಿಟ್ರೆ ಒಸದು ಎಲ್ಲಿಂದ ಬತ್ತದೆ? ನಮ್ ಅಸು ಏನ್ ಪೊರಕೆ ಕಡ್ಡಿ ತಿಂತವಾ?”

“ಬೆಂಕಿ ಅಂದ್ರ ಬೆಂಕಿ, ತಂಗಿ. ಅದಕ ನಿನ್ನ ಹುಲ್ಲು, ನನ್ನ ಮನಿ ಅಂತ ಭೇದ ಗೊತ್ತಿಲ್ಲ.”

ಜಗಳ ಬಹಳ ಬೆಳೆಯಲಿಲ್ಲ. ಲೇಔಟಿನವರು ಪೊಲೀಸು, ಗಿಲೀಸು ಎಂದು ಇವರ ಬೆನ್ನಿಗೆ ನಿಂತರು, ಹಳ್ಳಿಯವರು ಗೊಣಗಿಕೊಂಡು ಹೋದರು. ಅವಳು ಹಾಲು ಹಾಕುವುದನ್ನು ಬಿಡಲಿಲ್ಲ. ಆದರೆ ಅಳೆದು ಸುರಿದ ಮೇಲೆ ಹಾಕುತ್ತಿದ್ದ ಕೊಸರು ನಿಂತುಹೋಯಿತು. ಬೆಂಕಿ ನಿಲ್ಲಿಸಿದ್ದು ಇವರು, ಕೊಸರು ಕಳೆದುಕೊಂಡವಳು ನಾನು.

ಮುಂದಿನ ಮಳೆಗಾಲಕ್ಕೆ ಇವರು ಗೋಮಾಳದಲ್ಲಿ ಸಸಿ ನೆಡಲು ಶುರು ಮಾಡಿದರು. ಹೊಂಗೆ, ಬೇವು, ನೇರಳೆ. ಬರಿಯ ಬಯಲು ಕಂಡರೆ ಕಾಡು ಮಾಡಬೇಕೆನಿಸುವುದು ಈಗ ಎಲ್ಲರಿಗೂ ಇರುವ ಚಪಲ, ಇವರಿಗೆ ಸ್ವಲ್ಪ ಹೆಚ್ಚು. ಕೆಲಸ ಮಾತ್ರ ಕಾರ್ಖಾನೆಯ ಶಿಸ್ತಿನದು. ಸಾಲು ತಪ್ಪುವ ಹಾಗಿಲ್ಲ. ಪ್ರತಿ ಸಸಿಗೂ ಬಿದಿರ ಬುಟ್ಟಿಯ ಕಾವಲು, ಬಿಸಿಲಿಗೆ ಗೋಣಿತಾಟಿನ ನೆರಳು, ತೇವ ಆರದಂತೆ ಬುಡದ ಸುತ್ತ ಒಣಹುಲ್ಲು, ತೆಂಗಿನ ಸಿಪ್ಪೆಯ ದಪ್ಪ ಮೆತ್ತೆ. ಬೆಳಗಾಗುವುದರೊಳಗೆ ಎದ್ದು ಕೊಡ ಹಿಡಿದು ಹೋದರೆ ಬಿಸಿಲೇರಿದ ಮೇಲೆ ವಾಪಸು. ದನ ಒಳಗೆ ಬಂದರೆ ಕೂಗಾಡಿ ಏರಿಯ ಕಡೆಗೆ ಅಟ್ಟುತ್ತಿದ್ದರು. ಹೀಗೆ ಮೂರು ವರ್ಷ. ಬೆಂಕಿಯಿಲ್ಲ, ಮೇಯುವ ದನವಿಲ್ಲ, ಬಾದೆ ಹುಲ್ಲು ವರ್ಷವರ್ಷವೂ ಒಣಗಿ ಅದರ ಮೇಲೆ ಅದೇ ಮಲಗಿ ಹಾಸಿಗೆಯಂತೆ ದಪ್ಪವಾಯಿತು. ಸಸಿಗಳೂ ಎದೆಯೆತ್ತರಕ್ಕೆ ಬಂದವು. ಮನುಷ್ಯನಿಗೆ ಇಷ್ಟು ಹಸಿವು, ಇಷ್ಟು ನಿದ್ದೆ ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ. ರಾತ್ರಿ ಮೂರು ರೊಟ್ಟಿ ತಿಂದು, ಮಾತು ಮುಗಿಯುವ ಮೊದಲೇ ಗೊರಕೆ. ನಾನೂ ಸುಖವಾಗಿದ್ದೆ.

ಆ ವರ್ಷದ ಸಂಕ್ರಾಂತಿ ಬಂತು. ಈ ಕಡೆಯ ಹಳ್ಳಿಗಳಲ್ಲಿ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುತ್ತಾರೆ. ಮೈ ತೊಳೆದು, ಅರಿಸಿನ ಬಳಿದು, ಕೋಡಿಗೆ ಬಣ್ಣ ಹಚ್ಚಿ, ಬಲೂನು ಕಟ್ಟಿ, ದಾರಿಗೆ ಅಡ್ಡಲಾಗಿ ಹುಲ್ಲು ಹರಡಿ ಉರಿ ಹಚ್ಚಿ ಅದರ ಮೇಲೆ ದನ ನೆಗೆಸುವುದು. ರೋಗ ರುಜಿನ ಸುಟ್ಟುಹೋಗುತ್ತದೆ ಎನ್ನುತ್ತಾರೆ. ಮೊದಲು ಊರ ಬಾಗಿಲಲ್ಲಿ ನಡೆಯುತ್ತಿತ್ತಂತೆ. ಈಗ ಅಲ್ಲಿ ರಸ್ತೆ ಅಗಲವಾಗಿ ಕಾರುಗಳ ಕಾಟ. ಅದಕ್ಕೆ ಆ ಸಲ ಗೋಮಾಳದ ಅಂಚಿಗೆ ಬಂದರು. ಇವರು ಬೇಡವೆಂದು ಒಂದಿಷ್ಟು ಹಾರಾಡಿದರು. ಹಬ್ಬದ ದಿನ ಯಾರು ಕೇಳುತ್ತಾರೆ? ಕೊನೆಗೆ ಬಕೆಟ್ಟುಗಳನ್ನು ಹಿಡಿದು ತಾವೂ ಹೋಗಿ ನಿಂತರು. ನಾನು ಎಳ್ಳುಬೆಲ್ಲದ ತಟ್ಟೆ ಹಿಡಿದು ಹಿಂದೆ ನಿಂತೆ.

ದನಗಳು ಒಂದರ ಹಿಂದೆ ಒಂದು ಹಾಯ್ದವು. ಹಾಲಿನವಳ ಗಬ್ಬದ ಹಸುವನ್ನು ಮಾತ್ರ ಉರಿಯ ಪಕ್ಕದಲ್ಲಿ ನಿಧಾನಕ್ಕೆ ನಡೆಸಿಕೊಂಡು ಹೋದರು. ಎಲ್ಲ ಮುಗಿಯಿತು ಎನ್ನುವಾಗ ಒಂದು ಗಾಳಿ ಎದ್ದಿತು. ಉರಿಯುವ ಹುಲ್ಲಿನ ಒಂದು ಹಿಡಿ ಮೇಲಕ್ಕೆದ್ದು, ಗಾಳಿಯಲ್ಲಿ ತಿರುಗಿ, ಗೋಮಾಳದೊಳಗೆ ಬಿತ್ತು. ಮೊದಲು ನೋಡಿದವರು ನನ್ನ ಗಂಡನೇ. ಓಡಿಹೋಗಿ ಬಕೆಟ್ಟು ಸುರಿದರು. ಅಷ್ಟರಲ್ಲಿ ಬೆಂಕಿ ಅಲ್ಲಿರಲಿಲ್ಲ, ಮುಂದೆ ಹೋಗಿತ್ತು.

ಹುಲ್ಲಿನ ಬೆಂಕಿಯ ಓಟವನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಚಟಚಟ ಸದ್ದು, ಮುಖಕ್ಕೆ ಹೊಡೆಯುವ ಶಾಖ. ಇವರು “ಲೈನ್ ಮಾಡ್ರಿ, ಲೈನ್!” ಎಂದು ಕಾರ್ಖಾನೆಯಲ್ಲಿ ಕೂಗಿದಂತೆ ಕೂಗುತ್ತಿದ್ದರು. ಯಾರೂ ಸಾಲು ನಿಲ್ಲಲಿಲ್ಲ. ಹಬ್ಬದ ಹೊಸ ಬಟ್ಟೆಯಲ್ಲೇ ಜನ ಬಂದರೆ ಗಿಡದ ಸೊಪ್ಪು ಮುರಿದು ಬೆಂಕಿಯನ್ನು ಬಡಿದರು. ಹಾಲಿನವಳು ಸೀರೆ ಎತ್ತಿ ಕಟ್ಟಿ ಎಲ್ಲರಿಗಿಂತ ಮುಂದೆ ನಿಂತು ಬಡಿಯುತ್ತಿದ್ದಳು. ಒಂದು ಮೊಲ ಹೊಗೆಯೊಳಗಿಂದ ಬಂದು ದನಗಳ ಕಾಲ ಸಂದಿಯಲ್ಲೇ ನುಗ್ಗಿ ಓಡಿತು. ಮೇಲೆ ನೋಡಿದರೆ ಹದ್ದುಗಳು ಸುತ್ತುತ್ತಿದ್ದವು. ಬೆಂಕಿಯ ಅಂಚಿನಲ್ಲಿ ಕಾಜಾಣಗಳು ತಪ್ಪಿಸಿಕೊಂಡು ಹಾರಿದ ಮಿಡತೆಗಳನ್ನು ಗಾಳಿಯಲ್ಲೇ ಹಿಡಿಯುತ್ತಿದ್ದವು. ನಮಗೆ ಅನಾಹುತ, ಅವಕ್ಕೆ ಹಬ್ಬದೂಟ. ಕತ್ತಲಾಗುವ ಮೊದಲೇ ಬೆಂಕಿ ಕೆರೆಯ ಏರಿಯ ಹತ್ತಿರ ತಾನಾಗಿಯೇ ಆರಿತು. ಈಚಲ ಮೆಳೆಯ ಹಿಂದಿನ ಒಂದು ಪಟ್ಟಿ ಹುಲ್ಲೂ ಹೇಗೋ ಉಳಿಯಿತು.

ಸಸಿಗಳು ಉಳಿಯಲಿಲ್ಲ. ಉಳಿದ ಕಡೆ ಬೆಂಕಿ ಹಾರಿಕೊಂಡು ಹೋಗಿತ್ತು, ಸಸಿಗಳ ಹತ್ತಿರ ಮಾತ್ರ ಕೂತು ಉಂಡು ಹೋಗಿತ್ತು. ಬುಡದ ಸುತ್ತ ಅಷ್ಟು ಅಚ್ಚುಕಟ್ಟಾಗಿ ಹಾಸಿದ ಹುಲ್ಲು, ಸಿಪ್ಪೆ, ಗೋಣಿತಾಟು, ಬಿದಿರು, ಎಲ್ಲವೂ ಮರುದಿನ ಬೆಳಿಗ್ಗೆಯೂ ಹೊಗೆಯಾಡುತ್ತಿತ್ತು. ಕರಿಯ ಬಯಲಿನಲ್ಲಿ ಇನ್ನೂ ಕಪ್ಪಾದ ವೃತ್ತಗಳ ಸಾಲು. ಸಾಲು ಮಾತ್ರ ಒಂದೂ ತಪ್ಪಿರಲಿಲ್ಲ.

ಅವರು ಮನೆಗೆ ಬಂದು ಸ್ನಾನ ಮಾಡಿ ಮಲಗಿದರು. ಮರುದಿನ ಏಳಲಿಲ್ಲ. ಎದ್ದರು ನಿಜ, ಊಟಕ್ಕೆ ಕೂತರು, ಪೇಪರು ಹಿಡಿದರು, ಆದರೆ ನಾನು ಹೇಳುವ ಏಳುವಿಕೆ ಅದಲ್ಲ. ಬಯಲಿಗೆ ಮುಖ ಮಾಡಿದ ಕಿಟಕಿಯ ಪರದೆ ಎಳೆದರು. ರೊಟ್ಟಿ ಒಂದಕ್ಕಿಳಿಯಿತು. ನಾನು ಸಮಾಧಾನಕ್ಕೆ, ಹೋದರೆ ಹೋಗಲಿ, ಮಳೆಗಾಲಕ್ಕೆ ಮತ್ತೆ ನೆಡೋಣ ಎಂದೆ.

“ಮತ್ತ ಹಚ್ಚಿ, ಅವು ಮರ ಆಗೂ ಹೊತ್ತಿಗೆ ನಾ ಎಲ್ಲಿರತೇನಿ?” ಎಂದರು. “ನಂದು ಮುಗೀತು ಬಿಡು.”

ಗಿಡ ಸುಟ್ಟದ್ದಕ್ಕೆ ನನಗೆ ಸಂಕಟವಾಗಿತ್ತು. ಈ ಮಾತಿಗೆ ಹೆದರಿಕೆಯಾಯಿತು. ಸಂಜಯನಗರದಲ್ಲಿರುವ ಮಗಳು ಎರಡು ಸಲ ಬಂದು ಅಪ್ಪನನ್ನು ತನ್ನ ಮನೆಗೆ ಕರೆದಳು. ಹೋಗಲಿಲ್ಲ. ನನಗೆ ಆಗ ಬೇಕಾಗಿದ್ದದ್ದು ಒಂದೇ, ಈ ಮನುಷ್ಯ ಮೊದಲಿನ ಹಾಗೆ ಎದ್ದು ಹೊರಗೆ ಹೋಗಿ ಯಾರನ್ನಾದರೂ ಬೈಯಬೇಕು. ನನ್ನನ್ನೇ ಬೈದರೂ ಆಗುತ್ತಿತ್ತು. ಬೇಕೆಂದೇ ಒಗ್ಗರಣೆಯನ್ನು ಸೀಯಿಸಿದೆ. ಪಡಸಾಲೆಯಿಂದ ಕೂಗು ಬರಲಿಲ್ಲ.

ಅತ್ತ ಲೇಔಟಿನ ಸಂಘದವರು ಚುರುಕಾದರು. ಕಾರ್ಯದರ್ಶಿ ಮನೆಗೇ ಬಂದು ಕೂತರು. ಗೋಮಾಳಕ್ಕೆ ಬೇಲಿ ಹಾಕಿಸಿ, ಮರ ನೆಟ್ಟು, ನಡೆದಾಡುವ ದಾರಿ, ಕಲ್ಲುಬೆಂಚು ಮಾಡಿಸುವ ಯೋಚನೆ ಅವರದು. “ನೋಡಿ ಸಾರ್, ನಿಮ್ಮಷ್ಟು ಲಾಸ್ ಆದವ್ರು ಯಾರಿದಾರೆ? ನೀವು ಒಂದ್ ಮಾತು ಹೇಳಿದ್ರೆ ಸಾಕು, ಆ ಹಳ್ಳಿಯವ್ರು ಬಾಯಿ ಬಿಡಲ್ಲ. ಕಿಚ್ಚೂ ಬೇಡ, ದನಾನೂ ಬೇಡ,” ಎಂದರು. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಎಂದರೆ ಇದೇ. ಇವರು ನೋಡೋಣ ಎಂದು ಕಣ್ಣು ಮುಚ್ಚಿದರು.

ಸುದ್ದಿ ಹಳ್ಳಿಗೆ ಮುಟ್ಟಿರಬೇಕು. ಹಾಲಿನವಳು ಬಾಗಿಲಿಗೆ ಬರುವುದನ್ನು ಬಿಟ್ಟಳು. ಹಾಲಿನ ಚೆಂಬನ್ನು ಕಾಂಪೌಂಡಿನ ಮೇಲಿಟ್ಟು, ಒಂದು ಸಲ ಕೂಗಿ, ನಾನು ಹೊರಗೆ ಬರುವುದರೊಳಗೆ ಹೋಗಿಬಿಡುತ್ತಿದ್ದಳು. ಗೋಮಾಳಕ್ಕೆ ಬೇಲಿ ಬಿದ್ದರೆ ಅವಳು ಹಸುಗಳನ್ನು ಮಾರಬೇಕು, ಬೇರೆ ದಾರಿಯಿಲ್ಲ. ಆ ಒಂದು ಮಾತು ಹೇಳುವ ಮನುಷ್ಯ ನಮ್ಮ ಮನೆಯಲ್ಲಿ ಪರದೆ ಎಳೆದುಕೊಂಡು ಕೂತಿದ್ದ.

ಒಂದು ಬೆಳಿಗ್ಗೆ ಹಾಲು ಬರಲೇ ಇಲ್ಲ. ನನಗೆ ಚಹಾ ಇಲ್ಲದಿದ್ದರೆ ತಲೆ ನಿಲ್ಲುವುದಿಲ್ಲ. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಮ್ಮೆಗೇ ಹೊರಗೆ ಬಂತು.

“ನಿಮ್ಮ ಗಿಡ ಸುಟ್ಟದ್ದಕ್ಕ ನನ್ನ ಚಹಾ ಯಾಕ ಸುಡಬೇಕ್ರಿ? ಆಕಿ ಬರೂದಿಲ್ಲ ಅಂದ್ರ ನಿಮ್ಮ ಮೂತಿ ಅಂಜಿಕೀಗೆ. ನೀವ ಹೋಗಿ ತಗೊಂಡ ಬರ್ರಿ. ಹಾಲಿಲ್ಲದ ಒಳಗ ಬರಬ್ಯಾಡ್ರಿ!”

ಜಗಳಕ್ಕೆ ಕೂಡ ಬರಲಿಲ್ಲ. ಚೆಂಬು ತೆಗೆದುಕೊಂಡು ಹೊರಟರು. ಹಳ್ಳಿಗೆ ಹೋಗುವ ಹತ್ತಿರದ ದಾರಿ ಗೋಮಾಳದ ನಡುವೆಯೇ. ಅದು ನನಗೂ ನೆನಪಾದದ್ದು ಅವರು ಹೋದ ಮೇಲೆ. ಹೋದವರು ಬರಲಿಲ್ಲ. ಬಿಸಿಲೇರಿತು. ಉಪ್ಪಿಟ್ಟು ಆರಿ ಗಟ್ಟಿಯಾಯಿತು. ಗಾಬರಿಯಾಗಿ ಚಪ್ಪಲಿ ಮೆಟ್ಟಿ ಹುಡುಕಿಕೊಂಡು ಹೋದೆ.

ಬೂದಿಯ ನಡುವೆ ಕುಕ್ಕರುಗಾಲಲ್ಲಿ ಕೂತಿದ್ದರು. ಪೈಜಾಮ ಕಪ್ಪು, ಮೂಗಿನ ತುದಿ ಕಪ್ಪು. ಬಲಗೈಯ ತೋರುಬೆರಳು ನೆಲದೊಳಗೆ.

“ಇಲ್ಲಿ ಬಾ. ಬೆರಳ ಹಾಕಿ ನೋಡು,” ಎಂದರು.

“ಯಾಕ್ರಿ, ಏನಾಗೇತಿ ನಿಮಗ?”

“ಹಾಕಂದೆನಲ್ಲ.”

ಹಾಕಿದೆ. ಮೇಲೆ ಬೂದಿ, ಒಂದು ಗೆಣ್ಣು ಒಳಗೆ ಮಣ್ಣು ತಣ್ಣಗಿತ್ತು. ಪಕ್ಕದ ಬಾದೆಯ ಬುಡ ಸುಟ್ಟು ಮೋಟಾಗಿ ಕುಂಚದ ಹಾಗೆ ಕಾಣುತ್ತಿತ್ತು. ಅದರ ನಡುವಿನಿಂದ ಹಸಿರು ಮೊಳೆಗಳು ಎದ್ದಿದ್ದವು, ಸೂಜಿಯಂತೆ ಚೂಪಾಗಿ. ಒಂದು ಹನಿ ಮಳೆ ಬಿದ್ದಿರಲಿಲ್ಲ. ಸುತ್ತ ನೋಡಿದರೆ ಬುಡಬುಡಕ್ಕೂ ಅದೇ. ಈಚಲ ಬೊಡ್ಡೆಗಳು ಇದ್ದಿಲಿನಂತಾಗಿದ್ದವು, ನಡುವಿನ ಸುಳಿ ಮಾತ್ರ ಹಸಿರು. ಒಂದು ಹಾವುರಾಣಿ ಬಿಲದಿಂದ ತಲೆ ಹಾಕಿ, ನಮ್ಮಿಬ್ಬರನ್ನೂ ನೋಡಿ, ಮತ್ತೆ ಒಳಗೆ ಹೋಯಿತು. ಎಲ್ಲವೂ ಬದುಕಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಸುಟ್ಟು ಬೆಳ್ಳಗಾದ ಬಸವನಹುಳುವಿನ ಚಿಪ್ಪುಗಳು ಎಲ್ಲೆಂದರಲ್ಲಿ ಬಿದ್ದಿದ್ದವು. ತಂಗಡಿಯ ಕೊಂಬೆಗೆ ಕಚ್ಚಿಕೊಂಡೇ ಸತ್ತ ಒಂದು ಓತಿಕ್ಯಾತವನ್ನು ಅವರು ನನಗೆ ತೋರಿಸಿದರು, ತೋರಿಸಿ ಮುಖ ತಿರುಗಿಸಿಕೊಂಡರು.

ಆಮೇಲೆ ನನ್ನನ್ನು ಏರಿಯ ಹತ್ತಿರ ಕರೆದುಕೊಂಡು ಹೋದರು. ಇವರು ಅಟ್ಟಿದ ದನಗಳು ಮೂರು ವರ್ಷದಿಂದ ಮೇಯ್ದ ಜಾಗ ಅದು. ಹುಲ್ಲು ಗಿಡ್ಡ. ಬೆಂಕಿ ಅಲ್ಲಿಗೆ ಬಂದು, ತಿನ್ನಲು ಏನೂ ಸಿಗದೆ ನಿಂತುಹೋಗಿತ್ತು. ಆ ಗೆರೆಯ ಮೇಲೆ ನಿಂತು ಗಿಡ್ಡ ಹುಲ್ಲನ್ನು ಕಾಲಲ್ಲಿ ಸವರಿದರು.

“ಎಣ್ಣಿ ಬಟ್ಟಿ ಮೂಲ್ಯಾಗ ಕೂಡಿಟ್ಟವರನ್ನ ಜಲಮಾನಗಂಟ್ಲೆ ಬೈದೆ. ಉರವಲ ಕೂಡಿ ಹಾಕಬ್ಯಾಡ್ರಿ, ಉರವಲ ಕೂಡಿ ಹಾಕಬ್ಯಾಡ್ರಿ ಅಂತ. ಇಲ್ಲೆ ಮೂರ ವರ್ಷ ನಾನ ಕೂಡಿಟ್ಟೆ ನೋಡು.”

ದನಿಯಲ್ಲಿ ಅಳುವಿರಲಿಲ್ಲ. ಕಾರ್ಖಾನೆಯಲ್ಲಿ ಏನೋ ಅವಘಡವಾದಾಗ ಕಾರಣ ಸಿಕ್ಕಿದ ದಿನ ಮನೆಗೆ ಬಂದು ಹೀಗೇ ಮಾತಾಡುತ್ತಿದ್ದರು. ನನ್ನ ಎದೆ ಸ್ವಲ್ಪ ಹಗುರಾಯಿತು.

ಅಲ್ಲಿಂದ ನೇರ ಹಾಲಿನವಳ ಮನೆಗೆ ಹೋದೆವು. ಹಸು ಬೆಳಗಿನ ಜಾವ ಈದಿತ್ತು, ಅದಕ್ಕೇ ಹಾಲು ಬಂದಿರಲಿಲ್ಲ. ಮಸಿ ಬಳಿದುಕೊಂಡ ಇವರನ್ನು ಅಂಗಳದಲ್ಲಿ ನೋಡಿ ಅವಳು ಕರುವನ್ನು ಒರೆಸುತ್ತಿದ್ದ ಬಟ್ಟೆ ಹಿಡಿದೇ ಎದ್ದು ನಿಂತಳು.

“ಬೇಕು ಅಂತ ಮಾಡಿಲ್ಲ ಸಾರ್. ಗಾಳಿ ಇಂಗೆ ಬತ್ತದೆ ಅಂತ ಯಾರಿಗ್ ಗೊತ್ತಿತ್ತು? ನೀವು ಬೇಲಿ ಆಕಿಸ್ಬುಟ್ರೆ ಇವುನ್ನೆಲ್ಲ ನಾನ್ ಎಲ್ಲಿಗ್ ಒಡ್ಕೊಂಡ್ ಓಗ್ಲಿ?”

ಇವರ ತಲೆಯಲ್ಲಿ ಬೇಲಿ ಇರಲೇ ಇಲ್ಲ. “ತಂಗಿ, ಮುಂಚೆ ಬೆಂಕಿ ಹಾಕತಿದ್ದಿರೆಲ್ಲ, ಪೂರಾ ಸುಡತಿದ್ರೋ, ತುಸು ಬಿಟ್ಟ ಸುಡತಿದ್ರೋ?” ಎಂದು ಕೇಳಿದರು.

“ಎಲ್ಲಾ ಒಂದೇ ದಪ. ಒಂದ್ ಕಡೆ ಕಡ್ಡಿ ಗೀರಿ ಬಂದ್ಬುಟ್ರೆ ಆಯ್ತು. ಯಾರ್ ಸಾರ್ ಕಾಯ್ಕೊಂಡ್ ಕುಂತ್ಕತಾರೆ?”

“ಅದೂ ತಪ್ಪು!” ಎಂದರು, ಬೆರಳೆತ್ತಿ. “ಮೊಲ ಎಲ್ಲಿಗೆ ಹೋಗಬೇಕು? ಕೌಜುಗ ಎಲ್ಲಿಗೆ ಹೋಗಬೇಕು?”

ಅವಳು ನನ್ನ ಮುಖ ನೋಡಿದಳು. ನನಗೆ ನಗು ತಡೆಯಲಾಗಲಿಲ್ಲ. ಎಷ್ಟೋ ದಿನಗಳ ಮೇಲೆ ನನ್ನ ಗಂಡ ಒಬ್ಬರನ್ನು ಬೈದಿದ್ದರು. ನಾನು ನಕ್ಕದ್ದು ನೋಡಿ ಅವಳೂ ಸಡಿಲವಾದಳು. ಒಳಗೆ ಹೋಗಿ ಚೆಂಬಿನ ಮಟ್ಟಕ್ಕೆ ಗಿಣ್ಣುಹಾಲು ತುಂಬಿ, ಮೇಲಿಷ್ಟು ಕೊಸರನ್ನೂ ಹಾಕಿದಳು. ಅವತ್ತು ಬೆಲ್ಲ, ಏಲಕ್ಕಿ ಹಾಕಿ ಗಿಣ್ಣು ಮಾಡಿದೆ. ಇವರು ಎರಡು ಸಲ ಹಾಕಿಸಿಕೊಂಡರು. ಪರದೆಯನ್ನು ನಾನೇ ಸರಿಸಿದೆ, ಅವರು ಮತ್ತೆ ಎಳೆಯಲಿಲ್ಲ.

ಆದರೂ ಮನುಷ್ಯ ಪೂರ್ತಿ ವಾಪಸು ಬಂದಿರಲಿಲ್ಲ. ಬೆಳಿಗ್ಗೆ ಹೋಗುತ್ತಿದ್ದರು, ಸುತ್ತುತ್ತಿದ್ದರು, ಬರುತ್ತಿದ್ದರು. ಮಾತೆಲ್ಲ ಆಗಿಹೋದದ್ದರ ಮೇಲೆ. ಮುಂದಿನದರ ಮಾತೆತ್ತಿದರೆ ಕೈ ಕೊಡವಿ ಎದ್ದುಹೋಗುತ್ತಿದ್ದರು. ಬಿಸಿಲು ಬಲಿತ ಹೊತ್ತಿಗೆ ಸುಟ್ಟ ಬಯಲಿನಲ್ಲಿ ಒಂದು ಜೋಡಿ ಟಿಟ್ಟಿಭ ಹಕ್ಕಿಗಳು ಬಂದು ಮೊಟ್ಟೆಯಿಟ್ಟವು. ಅವಕ್ಕೆ ಗೂಡೇ ಬೇಡ, ಬರಿನೆಲ ಸಾಕು. ದಟ್ಟ ಹುಲ್ಲಿದ್ದ ಮೂರು ವರ್ಷವೂ ಅವು ಇತ್ತ ತಲೆ ಹಾಕಿರಲಿಲ್ಲ. ಕಲ್ಲಿನ ನಡುವೆ ಕಲ್ಲಿನಂಥದೇ ಮೊಟ್ಟೆಗಳು. ಇವರು ಅವನ್ನು ಕಾಣದೆ ಹತ್ತಿರ ಹೋದಾಗ ಹಕ್ಕಿ ಕಿರುಚುತ್ತಾ ಬಂದು ಬೋಳುತಲೆಯ ಮೇಲೇ ಎರಗಿತು. ಮನೆಗೆ ಓಡಿಬಂದವರು ಕೆಂಪು ಬಟ್ಟೆ ಹುಡುಕಿ, ಕೋಲಿಗೆ ಕಟ್ಟಿ, ಮೊಟ್ಟೆಗಳಿಂದ ಸ್ವಲ್ಪ ದೂರದಲ್ಲಿ ಬಾವುಟ ನೆಟ್ಟರು. ನನ್ನ ಒಳ್ಳೆಯ ರವಿಕೆ ಕಣದ ತುಂಡು ಅದು. ಹಾಲಿನವಳು ಆ ಬಾವುಟ ಕಂಡಲ್ಲಿಂದ ಹಸುಗಳನ್ನು ಬಳಸಿಕೊಂಡು ಹೊಡೆಯುತ್ತಿದ್ದಳು, ದಾರಿಯುದ್ದಕ್ಕೂ ನನ್ನ ಗಂಡನ ಬುದ್ಧಿಯ ಬಗ್ಗೆ ಏನೋ ಹೇಳಿಕೊಳ್ಳುತ್ತಾ.

ಕೌಜುಗಗಳ ಕೂಗು ಮಾತ್ರ ಸುಟ್ಟ ಕಡೆ ಕೇಳಲಿಲ್ಲ. ಈಚಲ ಮೆಳೆಯ ಹಿಂದೆ ಉಳಿದ ಪಟ್ಟಿಯಲ್ಲಿ ಅವು ಒತ್ತೊತ್ತಾಗಿ ಸೇರಿಕೊಂಡಿದ್ದವು. ಬರಿನೆಲ ಬೇಕಾದ ಹಕ್ಕಿಗೆ ಹುಲ್ಲು ಬೇಡ, ಹುಲ್ಲು ಬೇಕಾದ ಹಕ್ಕಿಗೆ ಬರಿನೆಲ ಬೇಡ. ಬಾಗಿಲಲ್ಲಿ ಕೂತು ಇದನ್ನು ನೋಡಿದವಳು ನಾನು, ಇವರಿಗೆ ಹೇಳಿದವಳೂ ನಾನು. ಆ ಕೀರ್ತಿಯನ್ನು ಇಲ್ಲಿ ಬರೆದಿಡುತ್ತೇನೆ, ಏಕೆಂದರೆ ಅವರು ಊರೆಲ್ಲ ತಾವೇ ಕಂಡುಹಿಡಿದದ್ದೆಂದು ಹೇಳಿಕೊಂಡು ತಿರುಗುತ್ತಾರೆ.

ಭರಣಿ ಮಳೆ ಧರಣಿ ಬೆಳೆ ಎನ್ನುತ್ತಾರೆ. ಆ ವರ್ಷ ಭರಣಿ ಚೆನ್ನಾ‌ಗಿ ಹೊಯ್ಯಿತು. ವಾರದೊಳಗೆ ಗೋಮಾಳ ಕಣ್ಣು ಕುಕ್ಕುವಷ್ಟು ಹಸಿರಾಯಿತು. ಹಳೆಯ ಹುಲ್ಲಿನ ಹಾಸಿಗೆಯಡಿ ಉಸಿರು ಕಟ್ಟಿದ್ದ ಗೆಡ್ಡೆಗಳಿಂದಲೋ ಏನೋ, ಹೆಸರು ಗೊತ್ತಿಲ್ಲದ ಬಿಳಿಯ ಹೂಗಳು ಎಲೆಗೂ ಕಾಯದೆ ನೆಲದಿಂದ ನೇರ ಎದ್ದವು. ಸುಟ್ಟುಹೋದವೆಂದು ಕೈಬಿಟ್ಟಿದ್ದ ಹೊಂಗೆಗಳಲ್ಲಿ ಕೆಲವು ಬುಡದಿಂದ ಚಿಗುರಿದವು. ನಾನು ಕುಣಿದಾಡಿದೆ. ಇವರು ಅವನ್ನು ನೋಡಿ, ಸುತ್ತಲಿನ ಹುಲ್ಲನ್ನು ನೋಡಿ, ಹಾರೆ ತೆಗೆದುಕೊಂಡರು. ಒಂದೊಂದನ್ನೇ ಬೇರಿನ ಸುತ್ತ ಮಣ್ಣಿನ ಹೆಂಟೆ ಸಮೇತ ಅಗೆದು, ನಮ್ಮ ಲೇಔಟಿನ ಬೀದಿಯ ಅಂಚಿಗೆ ತಂದು ನೆಟ್ಟರು. ಅಷ್ಟು ಆಸೆಯಿಂದ ನೆಟ್ಟದ್ದನ್ನು ತಾನೇ ಕೀಳುವುದು ಸುಲಭವಲ್ಲ.

“ನೆರಳು ಮನಿ ಮುಂದ ಇರಲಿ. ಅಲ್ಲೆ ಹುಲ್ಲಿಗೆ ಬಿಸಲ ಬೇಕು,” ಎಂದರು.

ಕಾರ್ಯದರ್ಶಿಗಳು ಮತ್ತೆ ಬಂದಾಗ ಉತ್ತರ ಸಿದ್ಧವಿತ್ತು. “ಬೆಂಕಿ ಅವರದು, ಖರೇ. ಉರವಲ ನಂದು. ನಾ ಯಾರ ಮ್ಯಾಲೂ ಮಾತು ಹೇಳೂದಿಲ್ಲ. ಬೇಲೀನೂ ಬ್ಯಾಡ.” ಅವರು ಬಹಳ ಬೇಜಾರು ಮಾಡಿಕೊಂಡು, ನಾನು ಕೊಟ್ಟ ಚಹಾವನ್ನೂ ಅರ್ಧಕ್ಕೇ ಬಿಟ್ಟುಹೋದರು. ಬೇಲಿಯ ಮಾತು ಸಂಘದಲ್ಲಿ ಇನ್ನೆರಡು ಸಲ ಎದ್ದು ತಣ್ಣಗಾಯಿತು. ಈಗ ಕಾರ್ಯದರ್ಶಿಗಳ ಮನೆಯ ಮುಂದೆಯೂ ಒಂದು ಹೊಂಗೆಯಿದೆ. ನೀರು ಅವರೇ ಹಾಕುತ್ತಾರೆ.

ಮತ್ತೆ ಸಂಕ್ರಾಂತಿ ಬಂತು. ಈ ಸಲ ಕಿಚ್ಚಿಗೆ ಜಾಗ ಗುರುತು ಮಾಡಿದವರು ನನ್ನ ಗಂಡ. ಹುಲ್ಲು ಕೆತ್ತಿಸಿ, ನೀರು ಚಿಮುಕಿಸಿ, ನಡುವೆ ಕಿಚ್ಚು. ದನಗಳು ಹಾಯ್ದವು, ಕಳೆದ ವರ್ಷದ ಕರು ತಾಯಿಯ ಹಿಂದೆ ನೆಗೆಯಿತು. ಹಬ್ಬ ಕಳೆದು ಕೆಲವು ದಿನದ ಮೇಲೆ ಗೋಮಾಳದ ಒಂದು ಭಾಗಕ್ಕೆ ಬೆಂಕಿ ಹಾಕುವುದೆಂದು ಊರವರೂ ಇವರೂ ಕೂತು ಗೊತ್ತು ಮಾಡಿದ್ದರು. ಪಂಚಾಯಿತಿಯವರನ್ನು ಕೇಳಿದ್ದಾಯಿತು, ಅಗ್ನಿಶಾಮಕ ಠಾಣೆಗೆ ಹೇಳಿದ್ದಾಯಿತು. ಇನ್ನು ಹೇಳದೆ ಉಳಿದದ್ದು ತಲೆಯ ಮೇಲಿನ ವಿಮಾನದವರಿಗೆ ಮಾತ್ರ.

ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ಗಾಳಿ ತೀರ ಮೆಲ್ಲಗಿತ್ತು. ಸುತ್ತ ಹುಲ್ಲು ಕೆತ್ತಿದ ಬರಿನೆಲದ ದಾರಿ, ದಾರಿಯುದ್ದಕ್ಕೂ ಒದ್ದೆ ಗೋಣಿಚೀಲ ಹಿಡಿದ ಜನ, ಈ ಸಲ ಸಾಲಾಗಿಯೇ. ಮೊದಲು ತಗಡು ಬಡಿಯುತ್ತಾ ಹುಲ್ಲಿನೊಳಗೆ ನಡೆದು ಮೊಲ, ಹಕ್ಕಿಗಳನ್ನು ಎಬ್ಬಿಸಿದರು. ಅವು ಹೋಗಲು ಒಂದು ಕಡೆ ಖಾಲಿ ಬಿಟ್ಟಿದ್ದರು. ಬೆಂಕಿಪೊಟ್ಟಣವನ್ನು ಹಾಲಿನವಳು ಇವರ ಕೈಗೆ ಕೊಟ್ಟಳು. ಮದುವೆಯಾದಾಗಿನಿಂದ ಈ ಮನುಷ್ಯ ಕಡ್ಡಿ ಗೀರಿದ್ದನ್ನು ನಾನು ನೋಡಿಯೇ ಇರಲಿಲ್ಲ. ಮೊದಲನೆಯದು ಮುರಿಯಿತು. ಎರಡನೆಯದು ಆರಿತು.

“ನಾನ್ ಅಚ್ಲಾ ಸಾರ್?” ಎಂದಳು.

“ತಡಿ ತಂಗಿ.”

ಮೂರನೆಯದು ಹತ್ತಿತು. ಗಾಳಿಗೆ ಎದುರಾಗಿ ಹಚ್ಚಿದ ಬೆಂಕಿ ಓಡಲಿಲ್ಲ, ಮೊಣಕಾಲೆತ್ತರದಲ್ಲಿ ತೆವಳಿಕೊಂಡು ಹೋಯಿತು. ಇವರು ಅದರ ಪಕ್ಕದಲ್ಲೇ ನಡೆದರು, ಹಟಮಾರಿ ಎತ್ತನ್ನು ಹೊಡೆದುಕೊಂಡು ಹೋಗುವವರಂತೆ ಗದರುತ್ತಾ. ಬಿಸಿಲೇರುವ ಮೊದಲೇ ಬರಿನೆಲದ ದಾರಿ ಮುಟ್ಟಿ ಆರಿತು. ಯಾರ ಗೋಣಿಚೀಲಕ್ಕೂ ಕೆಲಸ ಬೀಳಲಿಲ್ಲ. ಜನ ಚಹಾ ಕುಡಿಯಲು ಕೂತರು. ಹಾಲಿನವಳು ಲೋಟ ಹಿಡಿದು ಸುಡದೆ ಉಳಿದ ಹುಲ್ಲನ್ನು ನೋಡುತ್ತಾ ಕೇಳಿದಳು.

“ಸಾರ್, ಬರೋ ವರ್ಸ ಯಾವ ಕಡೆ?”

ಇವರು ಹುಬ್ಬಿಗೆ ಕೈ ಅಡ್ಡ ಇಟ್ಟು ಬಯಲನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದರು.

“ಬರೂ ವರ್ಷ ಈಚಲ ಮೆಳಿ ಕಡೆ. ಅಷ್ಟೊತ್ತಿಗೆ ಇದು ಬೆಳದಿರತೈತಿ, ಕೌಜುಗ ಇತ್ತ ಬರತಾವು. ಅದರ ಮುಂದಿನ ವರ್ಷ ಕೆರಿ ಕಡೆ. ಅದರ ಮುಂದ ಏನ ಮಾಡಬೇಕು ಅನ್ನೂದು ಆವಾಗ ನೋಡತೇನಿ.”

ಸಸಿ ಸುಟ್ಟ ದಿನದಿಂದ ಈ ಬಾಯಲ್ಲಿ ಬರುವ ವರ್ಷದ ಮಾತನ್ನು ನಾನು ಕೇಳಿರಲಿಲ್ಲ. ನನಗೆ ಅಳು ಬಂತು. ನೆಪ ಹೇಳಲು ಸುತ್ತ ಬೇಕಾದಷ್ಟು ಹೊಗೆಯಿತ್ತು, ನಾನು ಹೇಳಲಿಲ್ಲ, ಎಲ್ಲರ ಮುಂದೆಯೇ ಅತ್ತೆ. ಇವರು ಲೋಟ ಕೆಳಗಿಟ್ಟು ಓಡಿಬಂದರು. ನನ್ನ ಎರಡೂ ಕೈ ಹಿಡಿದು, ಅಂಗೈ ತಿರುಗಿಸಿ, ಸೀರೆಯ ಅಂಚನ್ನೂ ಬಗ್ಗಿ ನೋಡಿ, “ಎಲ್ಲೆ ಸುಟ್ಟತಿ? ಎಲ್ಲೆ ಸುಟ್ಟತಿ ಹೇಳು!” ಎಂದು ಗದರಿದರು.

“ಎಲ್ಲೂ ಸುಟ್ಟಿಲ್ಲರಿ,” ಎಂದೆ.